ಊರ ಯೋಧನ ಪುತ್ಥಳಿಗೆ ಮುಂಚೆ ಆಗಬೇಕಾದ ಕೆಲಸ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮೂರ ಹುಡುಗನೊಬ್ಬ ಸೈನ್ಯದಲ್ಲಿದ್ದು, ಕಾಶ್ಮೀರದಲ್ಲಿ ಡ್ಯೂಟಿ ಮೇಲಿದ್ದಾಗ ತೀರಿಕೊಂಡ. ಸದ್ಯದಲ್ಲೇ ಮೂರು ವರ್ಷ ತುಂಬುತ್ತದೆ. ಆ ದಿನವೇ ಸರ್ಕಲ್ಲಿನಲ್ಲಿ ಅವನ ಪುತ್ಥಳಿ ನಿಲ್ಲಿಸಬೇಕೆಂದು ಯುವಕರ ಸಂಘದಿಂದ ಚಂದಾ ಎತ್ತಿದ್ದೇವೆ, ಶಾಸಕರ ದಿನಾಂಕವನ್ನೂ ಕೇಳಿದ್ದೇವೆ. ಆದರೆ ಅವನ ತಾಯಿ ‘ಏನೂ ಬ್ಯಾಡಿ ಕಣ್ರಪ್ಪ’ ಅನ್ನುತ್ತಾರೆ. ಹೆಂಡತಿ ಮಗಳನ್ನು ಕರೆದುಕೊಂಡು ಮೈಸೂರಿನ ತವರಿಗೆ ಹೋಗಿದ್ದಾರೆ, ಫೋನ್ ಮಾಡಿದರೆ ‘ನೋಡೋಣ’ ಅಂತಾರೆ. ಕಾರ್ಯಕ್ರಮ ಹೇಗೆ ಮಾಡುವುದು? ಬಾವುಟ ಹೊದಿಸಿ ಅನಾವರಣ ಮಾಡಬಹುದೇ? ಮನೆಯವರಿಗೆ ಏನು ಕೊಟ್ಟರೆ ಸರಿ?

ಉತ್ತರ: ಮೂರು ವರ್ಷವಾದರೂ ಊರು ಆ ಹುಡುಗನನ್ನು ಮರೆತಿಲ್ಲ, ಸಂತೋಷ. ಪುತ್ಥಳಿಯ ಕೆಲಸವನ್ನು ಒಂದಷ್ಟು ದಿನ ತಡೆಹಿಡಿಯಿರಿ. ಬೇಡ ಎನ್ನುತ್ತಿಲ್ಲ. ಅದಕ್ಕಿಂತ ಮುಂಚೆ ಆಗಬೇಕಾದ್ದು ಆ ಎರಡು ಮನೆಗಳಲ್ಲಿದೆ: ನಿಮ್ಮೂರಿನ ತಾಯಿಯ ಮನೆ, ಮೈಸೂರಿನ ಹೆಂಡತಿಯ ಮನೆ.

ನಿಮ್ಮ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲಿನ ವಿಷಯ ಕೇಳಿರಬಹುದು. ಕ್ರಿ.ಶ. 949-50ರ ಶಾಸನ ಅದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಯುದ್ಧದಲ್ಲಿ ಮಣಲೇರ ಎಂಬವನು ಎದೆಗೊಟ್ಟು ಕಾದಿದ. ಮೆಚ್ಚಿದ ಅರಸ ಏನು ಬೇಕೋ ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ಮೇಷ್ಟ್ರುಗಳು ನಾಯಿಯ ಕಥೆಗೇ ನಿಲ್ಲಿಸಿಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರಲ್ಲಿರುವ ವ್ಯವಸ್ಥೆ. ಬೂತುಗ ಮಣಲೇರನಿಗೆ ಆತಕೂರನ್ನು ಬಾಳ್ಗಚ್ಚಾಗಿ, ಅಂದರೆ ಹೋರಾಡಿದ್ದಕ್ಕೆ ಉಂಬಳಿಯಾಗಿ ಬಿಟ್ಟುಕೊಟ್ಟ. ಕಲ್ಲಿನ ಪೂಜೆಗೂ ಬೇರೆ ಭೂಮಿ ಬಿಟ್ಟರು. ಪೂಜೆ ಮಾಡದೆ ಆ ಭೂಮಿಯ ಫಲ ಉಂಡವನಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂದೂ ಕೆತ್ತಿಸಿದರು. ಕಾದಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಜಮೀನು ಬಿಡುವ ಪದ್ಧತಿಯೂ ಈ ಸೀಮೆಯಲ್ಲಿತ್ತು. ಕಲ್ಲಿನ ಜೊತೆಗೆ ಮನೆಗೆ ಅನ್ನದ ದಾರಿ, ಕಲ್ಲಿಗೆ ನೋಡಿಕೊಳ್ಳುವವರು. ಈಗ ನಾವು ಕಲ್ಲನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಕೈಬಿಟ್ಟಿದ್ದೇವೆ. ಫ್ಲೆಕ್ಸ್ ಹರಿದು ನೇತಾಡುತ್ತಿರುತ್ತದೆ, ಪುತ್ಥಳಿಯ ಕಟ್ಟೆ ಮೇಲೆ ಎಲೆಅಡಿಕೆ ಉಗುಳಿರುತ್ತಾರೆ, ಹೆಂಡತಿ ಪಿಂಚಣಿ ಕಾಗದ ಹಿಡಿದುಕೊಂಡು ಇನ್ನೂ ಓಡಾಡುತ್ತಿರುತ್ತಾಳೆ.

ಇನ್ನು ನಿಮ್ಮ ಸರ್ಕಲ್ಲಿಗೆ ಬರೋಣ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆಬದಿಯಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಎಲ್ಲ ರಾಜ್ಯಗಳಿಗೂ ಆದೇಶ ಮಾಡಿದೆ. ಊರವರೆಲ್ಲ ಒಟ್ಟಾಗಿ ನಿಂತರೆ ಯಾರು ಕೇಳುತ್ತಾರೆ ಎಂದು ರಾತ್ರೋರಾತ್ರಿ ನಿಲ್ಲಿಸುವವರುಂಟು. ಒಬ್ಬೇ ಒಬ್ಬ ದೂರು ಕೊಟ್ಟರೂ ತಹಶೀಲ್ದಾರರು ಬಂದು ಬಟ್ಟೆ ಸುತ್ತಿಸುತ್ತಾರೆ. ಮಗನ ಮುಖಕ್ಕೆ ಬಟ್ಟೆ ಸುತ್ತಿ ಪೊಲೀಸರನ್ನು ಕಾವಲಿಗೆ ಹಾಕಿದ್ದನ್ನು ತಾಯಿ ನೋಡಬೇಕಾಗುತ್ತದೆ. ಹಾಗಾಗಿ ಜಾಗವನ್ನು ಶಾಲೆಯ ಆವರಣದಲ್ಲೋ, ಪಂಚಾಯಿತಿ ಕಟ್ಟಡದ ಒಳಗೋ, ಗ್ರಂಥಾಲಯದ ಮುಂದೋ ನೋಡಿ. ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ ನಡಾವಳಿಯ ಪ್ರತಿ ಇಟ್ಟುಕೊಳ್ಳಿ. 2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶಿಲಾಫಲಕ ನೆಟ್ಟಿದ್ದರಲ್ಲ, ನಿಮ್ಮಲ್ಲಿ ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡಿಬನ್ನಿ. ಅದರ ಸುತ್ತಲಿನ ಗಿಡಗಂಟಿ ತೆಗೆಯುವುದೂ ಯುವಕರ ಸಂಘಕ್ಕೆ ತಕ್ಕ ಕೆಲಸವೇ.

ತಾಯಿಯ ‘ಬ್ಯಾಡಿ’ಯನ್ನು ಸಂಕೋಚ ಎಂದುಕೊಂಡು ಮುಂದುವರಿಯಬೇಡಿ. ಅವನು ಹೋದ ದಿನ ಆ ಮನೆಯಲ್ಲಿ ಎಡೆ ಇಡುವ ದಿನ. ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಒಂದಿಷ್ಟು ಹೊತ್ತು ಕೂರುವ ದಿನ. ಅದೇ ದಿನ ನೀವು ಮೈಕ್ ಹಾಕಿ, ‘ತಾಯಿಯವರು ವೇದಿಕೆಗೆ ಬರಬೇಕು’ ಎಂದು ಮೂರು ಸಲ ಕೂಗಿ, ಶಾಸಕರು ಬರುವವರೆಗೂ ಬಿಸಿಲಲ್ಲಿ ಕೂರಿಸಿದರೆ ಅದು ಅವರಿಗೆ ಮರ್ಯಾದೆಯೋ ಶಿಕ್ಷೆಯೋ? ಹೆಂಗಸರೊಬ್ಬರನ್ನು, ಸಾಧ್ಯವಾದರೆ ಆ ಹುಡುಗನ ಸೋದರತ್ತೆಯನ್ನೋ ಅಕ್ಕನನ್ನೋ ಕಳಿಸಿ ಕೇಳಿಸಿ: ಯಾವ ದಿನ ಮಾಡಿದರೆ ಒಪ್ಪಿಗೆ, ಅಮ್ಮ ಬರಬೇಕೋ ಬೇಡವೋ, ಯಾರು ಬರುವುದು ಅವರಿಗೆ ಇಷ್ಟವಿಲ್ಲ. ದಿನಕ್ಕೇನು ಬರವಿಲ್ಲ. ಸಶಸ್ತ್ರ ಪಡೆಗಳ ಧ್ವಜ ದಿನ ಡಿಸೆಂಬರ್ 7, ಕಾರ್ಗಿಲ್ ವಿಜಯ ದಿನ ಜುಲೈ 26, ಭೂಸೇನಾ ದಿನ ಜನವರಿ 15. ಮೈಸೂರು ಸಂಸ್ಥಾನದ ಕುದುರೆ ಪಡೆಯವರು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ದಿನ ಸೆಪ್ಟೆಂಬರ್ 23. 1918ರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಅಲ್ಲಿ ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ನುಗ್ಗಿಸಿದ್ದು ನಮ್ಮ ಶಾಲೆಗಳ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಹೇಳಿ. ಈ ದಿನಗಳಲ್ಲಿ ಒಂದನ್ನು ಆರಿಸಿಕೊಂಡರೆ ನಿಮ್ಮೂರಿನವನ ಹೆಸರಿನ ಜೊತೆ ಈ ಸೀಮೆಯ ಹಳಬರ ಹೆಸರೂ ಬರುತ್ತದೆ, ತಾಯಿಗೆ ತನ್ನ ದಿನ ತನಗೇ ಉಳಿಯುತ್ತದೆ.

ಇನ್ನು ಹೆಂಡತಿಯ ‘ನೋಡೋಣ’. ನಾನು ಸುಬೇದಾರನಾಗಿ ಪಿಂಚಣಿಗೆ ಬಂದ ಮೇಲೆ ಮೈಸೂರಿನಲ್ಲಿ ಮಾಜಿ ಸೈನಿಕರ, ವೀರನಾರಿಯರ (ತೀರಿಕೊಂಡ ಸೈನಿಕರ ಹೆಂಡತಿಯರ) ಕಾಗದಪತ್ರದ ಕೆಲಸ ನೋಡಿಕೊಂಡು ಬಂದಿದ್ದೇನೆ. ನನಗೆ ಕಂಡಂತೆ, ಊರವರ ಫೋನ್ ಎತ್ತಲು ಹಿಂಜರಿಯುವ ಹೆಣ್ಣುಮಗಳ ತಲೆಯಲ್ಲಿ ಹೆಚ್ಚಿನ ಸಲ ಒಂದೇ ಲೆಕ್ಕ ಓಡುತ್ತಿರುತ್ತದೆ: ಮತ್ತೆ ದುಡ್ಡಿನ ಮಾತು ಎತ್ತುತ್ತಾರೇನೋ, ಅತ್ತೆಮನೆಯವರ ಪರವಾಗಿ ಪಂಚಾಯ್ತಿ ಮಾಡಲು ಬರುತ್ತಾರೇನೋ. ಸೈನಿಕ ತೀರಿಕೊಂಡ ಮನೆಯಲ್ಲಿ ಅತ್ತೆ ಸೊಸೆ ಬೇರೆಬೇರೆ ಆಗಿದ್ದರೆ ಅದಕ್ಕೆ ಕಾರಣ ಹುಡುಕಲು ಹೋಗಬೇಡಿ. ನಿಯಮ ಮಾತ್ರ ತಿಳಿದಿರಿ. ಕುಟುಂಬ ಪಿಂಚಣಿ ಮೊದಲು ಹೆಂಡತಿಗೆ. ವಿಮೆಯ ಹಣ ಅವನು ಯಾರ ಹೆಸರಿಗೆ ನಾಮಿನೇಷನ್ ಬರೆದಿದ್ದನೋ ಅವರಿಗೆ. ತಾಯಿತಂದೆ ಅವನನ್ನೇ ನಂಬಿಕೊಂಡಿದ್ದರೆ ವಿಶೇಷ ಪಿಂಚಣಿಗಳಲ್ಲಿ ಪಾಲು ಮಾಡಿಕೊಡಲು ಸೇನೆಯ ಪಿಂಚಣಿ ನಿಯಮದಲ್ಲಿ ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ. ಅದನ್ನು ತೀರ್ಮಾನಿಸುವವರು ಸೇನೆಯವರು, ಅರಳಿಕಟ್ಟೆಯವರಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ‘ಬೇರೆ ಕಡೆ ಮದುವೆಯಾದರೆ ಎಲ್ಲಾ ನಿಂತುಹೋಗುತ್ತೆ, ಮೈದುನನನ್ನೇ ಮಾಡಿಕೊಳ್ಳಲಿ’ ಎಂದು ವಿಧವೆಯ ಮೇಲೆ ಒತ್ತಡ ಹಾಕುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಶೌರ್ಯ ಪ್ರಶಸ್ತಿಯ ಭತ್ಯೆಗೆ ಅಂಥದೊಂದು ಷರತ್ತು ಇದ್ದದ್ದು ನಿಜ: ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. 2017ರಲ್ಲಿ ಕೇಂದ್ರ ಸರ್ಕಾರ ಆ ಷರತ್ತನ್ನು ತೆಗೆದುಹಾಕಿತು. ಪಿಂಚಣಿಗೆ ಬೇರೆ ನಿಯಮಗಳಿವೆ, ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುತ್ತವೆ. ಅದನ್ನು ಆ ಹೆಣ್ಣುಮಗಳು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಲಿ, ಕಟ್ಟೆ ಮೇಲಿನ ಮಾತು ಕೇಳಿ ಅಲ್ಲ.

ಈಗ ಕಾಗದದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಆದರೆ ನಿಮ್ಮ ಸಂಘ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಸೈನ್ಯದಲ್ಲಿ ಹುಡುಗ ಮದುವೆಯಾದಾಗ, ಮಗು ಹುಟ್ಟಿದಾಗ ಯೂನಿಟ್‌ನಲ್ಲಿ ಪಾರ್ಟ್ ಟು ಆರ್ಡರ್ ಹೊರಡಿಸಿ ಅವರ ಹೆಸರು ದಾಖಲು ಮಾಡುತ್ತಾರೆ. ಆ ಹೆಸರು ಅಲ್ಲಿ ಒಂದು ತರಹ ಇರುತ್ತದೆ, ಊರಲ್ಲಿ ಇನ್ನೊಂದು ತರಹ. ಮದುವೆಯ ಹೊಸದರಲ್ಲಿ ಯೂನಿಟ್‌ನ ಗುಮಾಸ್ತ ಹಿಂದಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದದ್ದು ‘ಸವಿತಾ’, ಶಾಲೆ ಸರ್ಟಿಫಿಕೇಟಿನಲ್ಲಿ ‘ಸವಿತ ಕೆ’, ಆಧಾರ್‌ನಲ್ಲಿ ‘ಸವಿತಮ್ಮ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಇನಿಷಿಯಲ್ ಸೇರಿ ಮತ್ತೊಂದು. ನಾಲ್ಕೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು. ಪಿಂಚಣಿ ಮಂಜೂರು ಮಾಡುವ ಕಂಪ್ಯೂಟರಿಗೆ ಮಾತ್ರ ನಾಲ್ಕು ಜನ. ಈಗ ಸೇನೆಯ ಪಿಂಚಣಿಯೆಲ್ಲ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿರುವುದರಿಂದ ಒಂದು ಅಕ್ಷರದ ವ್ಯತ್ಯಾಸಕ್ಕೂ ಕಡತ ನಿಲ್ಲುತ್ತದೆ. ಇದಕ್ಕೆ ಅಫಿಡವಿಟ್ ಬೇಕು, ಸೈನಿಕರ ದಾಖಲೆ ಇಟ್ಟುಕೊಳ್ಳುವ ಸೇನೆಯ ರೆಕಾರ್ಡ್ ಆಫೀಸಿಗೆ ಅರ್ಜಿ ಹೋಗಬೇಕು, ಸೈನಿಕ ಕಲ್ಯಾಣ ಕಚೇರಿಯ ದೃಢೀಕರಣ ಬೇಕಾಗಬಹುದು. ಮಗು ಎತ್ತಿಕೊಂಡು ಒಬ್ಬಳೇ ಓಡಾಡುವ ಹೆಣ್ಣಿಗೆ ಇದು ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಸಂಘದಲ್ಲಿ ಡಿಗ್ರಿ ಓದಿದ ಹುಡುಗನೋ ಹುಡುಗಿಯೋ ಒಬ್ಬರು ಒಪ್ಪಿಕೊಂಡು ಕೂತರೆ ಬೇಗ ಮುಗಿಯುವ ಕೆಲಸ.

ಜೊತೆಗೆ ಒಂದು ಪ್ರಶ್ನೆ ಕೇಳಿ: ಪಿಂಚಣಿ ಪತ್ರದಲ್ಲಿ, ಅಂದರೆ ಪಿಪಿಒದಲ್ಲಿ, ಯಾವ ಬಗೆಯ ಪಿಂಚಣಿ ಎಂದು ಬರೆದಿದೆ? ಸಾವನ್ನು ಸೇನೆ ಯಾವ ವರ್ಗಕ್ಕೆ ಸೇರಿಸಿತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸಾಮಾನ್ಯ ಕುಟುಂಬ ಪಿಂಚಣಿಯಾದರೆ ಮೊದಲ ಕೆಲವು ವರ್ಷ ಹೆಚ್ಚಿನ ದರವಿದ್ದು ಆಮೇಲೆ ಕೊನೆಯ ವೇತನದ ಶೇ 30. ಸಾವಿಗೆ ಸೇವೆಯೇ ಕಾರಣ ಎಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಶತ್ರುವಿನ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ತೀರಿಕೊಂಡವನ ಮನೆಗೆ ಲಿಬರಲೈಸ್ಡ್ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ ಪೂರ್ತಿ. ಊರಿನ ಫ್ಲೆಕ್ಸ್‌ನಲ್ಲಿ ‘ವೀರಯೋಧ’ ಎಂದಿದ್ದು ಪಿಪಿಒದಲ್ಲಿ ಸಾಮಾನ್ಯ ಪಿಂಚಣಿ ಎಂದಿದ್ದರೆ, ಅದು ಸರಿಯೇ ತಪ್ಪೇ ಎಂದು ಬಲ್ಲವರಿಂದ ಓದಿಸಿ. ತಪ್ಪಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಮಗಳ ಓದಿಗೆ ಬೋಧನಾ ಶುಲ್ಕದ ರಿಯಾಯಿತಿ, ಮುಂದೆ ಸಿಇಟಿಯಲ್ಲಿ ರಕ್ಷಣಾ ಸಿಬ್ಬಂದಿ ಮಕ್ಕಳ ಕೋಟಾ, ವೃತ್ತಿಪರ ಕೋರ್ಸ್ ಸೇರಿದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇವೆ. ಆ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ. ಇವಕ್ಕೆಲ್ಲ ಅವಲಂಬಿತರ ಗುರುತಿನ ಚೀಟಿ ಬೇಕು, ಅದನ್ನು ಕೊಡುವುದೂ ಸೈನಿಕ ಕಲ್ಯಾಣ ಕಚೇರಿಯೇ. ಚಿಕಿತ್ಸೆಗೆ ಇಸಿಎಚ್‌ಎಸ್ ಕಾರ್ಡ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್, ಆಗಿದೆಯೇ ಎಂದೂ ವಿಚಾರಿಸಿ, ಮೈಸೂರಿನಲ್ಲೇ ಪಾಲಿಕ್ಲಿನಿಕ್ ಇದೆ.

ನೀವು ಸೈನ್ಯ ಎಂದು ಬರೆದಿದ್ದೀರಿ. ಅವನಿದ್ದದ್ದು ಭೂಸೇನೆಯಲ್ಲೋ, ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಯಲ್ಲೋ ಎಂಬುದನ್ನು ಖಚಿತ ಮಾಡಿಕೊಳ್ಳಿ. ಊರಿನವರ ಬಾಯಲ್ಲಿ ಎಲ್ಲವೂ ‘ಮಿಲಿಟ್ರಿ’. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ತೀರಿಕೊಂಡ 40 ಜನರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಅವರು ಸಿಆರ್‌ಪಿಎಫ್‌ನವರು. ಅಂಥವರ ಮನೆಯ ಕಡತ ಗೃಹ ಸಚಿವಾಲಯದ ದಾರಿಯಲ್ಲಿ ಹೋಗುತ್ತದೆ, ರಕ್ಷಣಾ ಸಚಿವಾಲಯದ ದಾರಿಯಲ್ಲಿ ಅಲ್ಲ. ಸೈನಿಕ ಕಲ್ಯಾಣ ಇಲಾಖೆ ಇರುವುದು ಮೂರು ಸೇನೆಗಳವರಿಗೆ. ಕೇಂದ್ರ ಪಡೆಗಳವರಿಗೆ ಬೇರೆ ಕಲ್ಯಾಣ ಮಂಡಳಿ ಇದೆ, ದಾನ ಕೊಡುವವರಿಗೆ ‘ಭಾರತ್ ಕೆ ವೀರ್’ ಎಂಬ ಸರ್ಕಾರಿ ತಾಣ ಇದೆ. ತಪ್ಪು ಕಚೇರಿಗೆ ಅಲೆದು ಎಷ್ಟೋ ಮನೆಯವರು ಚಪ್ಪಲಿ ಸವೆಸಿಕೊಂಡಿದ್ದಾರೆ.

ಚಂದಾ ಹಣದ ಬಗ್ಗೆ ಚಿಕ್ಕದಾಗಿ. ವೇದಿಕೆ ಮೇಲೆ ಮಾರುದ್ದದ ಚೆಕ್ಕಿನ ಬೋರ್ಡು ಹಿಡಿಸಿ ಫೋಟೊ ತೆಗೆಸಬೇಡಿ, ಮೊತ್ತವನ್ನು ಮೈಕಿನಲ್ಲಿ ಹೇಳಬೇಡಿ. ಮೊತ್ತ ಕೇಳಿದ ಮರುದಿನವೇ ಸಾಲ ಕೇಳುವ ನೆಂಟರು, ಹಳೇ ಬಾಕಿ ನೆನಪಿಸುವವರು ಬಾಗಿಲಿಗೆ ಬರುತ್ತಾರೆ. ರಸೀದಿ ಪುಸ್ತಕ ಇಟ್ಟು, ಲೆಕ್ಕವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಿ, ಮನೆಗೆ ಸೇರಬೇಕಾದ್ದನ್ನು ಮಗಳ ಹೆಸರಿನ ಖಾತೆಗೆ ಸೀದಾ ಹಾಕಿ. ತಾಯಿಗೆ ಕೊಡುವುದಿದ್ದರೆ ಅದು ಬೇರೆಯೇ ಇರಲಿ, ಮನೆಗೆ ಹೋಗಿ ಕೈಗೆ ಕೊಡಿ.

ಇಷ್ಟೆಲ್ಲ ಆದ ಮೇಲೆ ಕಲ್ಲು. ನನ್ನನ್ನು ಕೇಳಿದರೆ ಪುತ್ಥಳಿಗಿಂತ ಬರೆದ ಕಲ್ಲೇ ಮೇಲು. ಸಾಮಾನ್ಯ ಖರ್ಚಿನಲ್ಲಿ ಮಾಡಿಸಿದ ಪುತ್ಥಳಿಯಲ್ಲಿ ಮುಖ ಹೋಲುವುದೇ ಕಷ್ಟ. ಸಮವಸ್ತ್ರವಂತೂ ಸಿನಿಮಾದ ಇನ್‌ಸ್ಪೆಕ್ಟರಿನದಾಗಿರುತ್ತದೆ: ಟೋಪಿಯ ಬ್ಯಾಡ್ಜ್ ಯಾವ ರೆಜಿಮೆಂಟಿನದೂ ಅಲ್ಲ, ಎದೆ ಮೇಲೆ ಅವನಿಗೆ ಸಿಗದ ಪದಕ. ತಾಯಿಗೆ ಮೊದಲು ಕಾಣುವುದು ಅದು ಮಗನ ಮುಖವಲ್ಲ ಎಂಬುದು, ಮಾಜಿ ಸೈನಿಕನಿಗೆ ಮೊದಲು ಕಾಣುವುದು ತಪ್ಪು ಬ್ಯಾಡ್ಜ್. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರಕ್ಕೆ ಹೋಗಿ ನೋಡಿ. ಸಾವಿರಾರು ಹೆಸರುಗಳು ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಫಲಕದಂತೆ ಸಾಲಾಗಿವೆ, ಸಿಪಾಯಿಗೂ ಅಧಿಕಾರಿಗೂ ಒಂದೇ ಅಳತೆ.

ಕಲ್ಲಿನ ಮೇಲೆ ಬರೆಯಬೇಕಾದ್ದು ಎಲ್ಲಿದೆ ಗೊತ್ತೇ? ಆ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇರುವ ಕಪ್ಪು ಟ್ರಂಕಿನ ಮೇಲೆ. ಪ್ರತಿ ಸಿಪಾಯಿಯೂ ತನ್ನ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ ಬರೆಸಿರುತ್ತಾನೆ. ಸಿಪಾಯಿ ನಾಯಕ್ ಆದರೂ ನಂಬರು ಬದಲಾಗುವುದಿಲ್ಲ. ರ‍್ಯಾಂಕ್ ಮಾತ್ರ ಹಳೆಯದಿರಬಹುದು, ಟ್ರಂಕ್ ತೆಗೆದುಕೊಂಡಾಗ ಸಿಪಾಯಿ, ಹೋಗುವಾಗ ನಾಯಕ್. ಅದಕ್ಕೆ ಪಿಪಿಒ ನೋಡಿ ತಾಳೆ ಮಾಡಿ. ಅದರ ಕೆಳಗೆ ಹುಟ್ಟಿದ ದಿನ, ತೀರಿಕೊಂಡ ದಿನ, ಜಾಗ, ಕಾರ್ಯಾಚರಣೆಯ ಹೆಸರಿದ್ದರೆ ಅದು, ಒಪ್ಪಿದರೆ ತಂದೆತಾಯಿ ಮತ್ತು ಹೆಂಡತಿಯ ಹೆಸರು. ದಾನಿಗಳ ಪಟ್ಟಿಯನ್ನು ಅದೇ ಕಲ್ಲಿನ ಮೇಲೆ ಕೆತ್ತಿಸಬೇಡಿ. ಊರಿನಿಂದ ಮುಂಚೆ ಸೈನ್ಯಕ್ಕೆ ಹೋಗಿ ಪ್ರಾಣ ಕೊಟ್ಟವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಹಿರಿಯರನ್ನು ಕೇಳಿ. 1962, 1965, 1971ರವರ ಹೆಸರು ಈಗಿನ ಹುಡುಗರಿಗೆ ಗೊತ್ತಿರುವುದಿಲ್ಲ. ಇದ್ದರೆ ಅವರದೂ ಅದೇ ಕಲ್ಲಿನಲ್ಲಿ ಬರಲಿ.

ಬಾವುಟದ ಬಗ್ಗೆ ಕೇಳಿದ್ದೀರಿ. ಹೊದಿಸಬಾರದು. ಪ್ರತಿಮೆಗೋ ಸ್ಮಾರಕಕ್ಕೋ ರಾಷ್ಟ್ರಧ್ವಜ ಹೊದಿಸುವುದು 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆಯಲ್ಲಿ ಅಪಮಾನದ ಪಟ್ಟಿಯಲ್ಲೇ ಇದೆ, ಭಾಷಣದ ಮೇಜಿಗೆ ಹೊದಿಸುವುದೂ ಸಹ. ಅನಾವರಣಕ್ಕೆ ಬಿಳಿ ಬಟ್ಟೆ ಸಾಕು, ಬಾವುಟ ಪಕ್ಕದಲ್ಲಿ ಕಂಬದ ಮೇಲೆ ಹಾರಲಿ. ಅಂತ್ಯಕ್ರಿಯೆಯಲ್ಲಿ ಪೆಟ್ಟಿಗೆಯ ಮೇಲಿದ್ದು ಆಮೇಲೆ ಮಡಿಸಿ ಮನೆಯವರ ಕೈಗೆ ಕೊಟ್ಟ ಬಾವುಟವನ್ನು ‘ಪ್ರದರ್ಶನಕ್ಕೆ ಒಂದಿನ ಕೊಡಿ’ ಎಂದು ಕೇಳಲೂ ಬೇಡಿ.

ಕಾರ್ಯಕ್ರಮ ಮುಕ್ಕಾಲು ಗಂಟೆಗೆ ಮುಗಿಯಲಿ. ಹಾರ ಮೊದಲು ಹಾಕುವುದು ತಾಯಿ, ಹೆಂಡತಿ, ಮಗಳು, ಅವರು ಬರಲು ಒಪ್ಪಿದರೆ. ಆಮೇಲೆ ಊರಿನ ಮಾಜಿ ಸೈನಿಕರು ಅವರವರ ಪದಕ ಹಾಕಿಕೊಂಡು ಬರಲಿ. ಶಾಸಕರು ಅದಾದ ಮೇಲೆ, ಬಂದಿದ್ದರೆ. ಬರದಿದ್ದರೆ ಹೇಳಿದ ಹೊತ್ತಿಗೆ ಶುರು ಮಾಡಿ, ಕಾಯಬೇಡಿ. ಎರಡು ನಿಮಿಷ ಮೌನ ಎಂದರೆ ಗಡಿಯಾರದ ಎರಡು ನಿಮಿಷ. ನಿರೂಪಕರು ಇಪ್ಪತ್ತು ಸೆಕೆಂಡಿಗೇ ‘ಧನ್ಯವಾದಗಳು’ ಎಂದುಬಿಡುತ್ತಾರೆ. ಎನ್‌ಸಿಸಿ ಮಕ್ಕಳಿದ್ದರೆ ಬ್ಯೂಗಲ್ ಊದಿಸಿ, ಆರ್ಕೆಸ್ಟ್ರಾ ಬೇಡ.

ಊರಿನಿಂದ ಈಗ ಸೇವೆಯಲ್ಲಿರುವ ಹುಡುಗರನ್ನೂ ಮರೆಯಬೇಡಿ. ಅವರು ಲಡಾಖಿನಲ್ಲಿದ್ದಾಗ ಇಲ್ಲಿ ಪಕ್ಕದ ಜಮೀನಿನವ ಬದು ಒತ್ತುತ್ತಾನೆ, ನಾಲೆ ನೀರಿನ ಸರದಿ ತಪ್ಪಿಸುತ್ತಾನೆ, ಸಿವಿಲ್ ದಾವೆ ಹಾಕುತ್ತಾನೆ. ಕಾರ್ಯಾಚರಣೆಯ ಪ್ರದೇಶದಲ್ಲಿ ಸೇವೆಯಲ್ಲಿರುವ ಸೈನಿಕನ ವಿರುದ್ಧದ ದಾವೆಯನ್ನು ಮುಂದೂಡಲು 1925ರ ಭಾರತೀಯ ಸೈನಿಕರ ದಾವೆ ಕಾಯ್ದೆಯಲ್ಲಿ ದಾರಿ ಇದೆ, ಅವನ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ದೂರು ಕಳಿಸುವ ಪದ್ಧತಿಯೂ ಇದೆ. ಅವನ ಹೆಂಡತಿಯ ಜೊತೆ ತಾಲ್ಲೂಕು ಕಚೇರಿಗೆ ಒಬ್ಬರು ಹೋಗಿ ನಿಂತರೂ ಸಾಕು, ಕೆಲಸ ಆಗುವ ರೀತಿಯೇ ಬೇರೆಯಾಗುತ್ತದೆ.

ಕೊನೆಗೆ, ಅವನ ಯೂನಿಟ್‌ನವರನ್ನು ಕರೆಯಿರಿ. ಜೊತೆಗೆ ಕಾವಲು ನಿಂತವನೊಬ್ಬ ಬಂದು ತಾಯಿಯ ಪಕ್ಕ ಕೂತು ಮಾತಾಡಿದರೆ ‘ಬ್ಯಾಡಿ’ ಎಂದವರೂ ಬಾಗಿಲು ತೆರೆಯುತ್ತಾರೆ. ರೆಕಾರ್ಡ್ ಆಫೀಸಿಗೂ ಯೂನಿಟ್‌ನ ಕಮಾಂಡಿಂಗ್ ಆಫೀಸರಿಗೂ ಎರಡು ತಿಂಗಳು ಮುಂಚೆಯೇ ಪತ್ರ ಹಾಕಿ. ಕನ್ನಡದ ಪತ್ರದ ಜೊತೆ ಹಿಂದಿಯದೋ ಇಂಗ್ಲಿಷಿನದೋ ಒಂದು ಪ್ರತಿ ಇರಲಿ, ಮೇಲ್ಗಡೆ ಅವನ ಆರ್ಮಿ ನಂಬರು ದಪ್ಪಕ್ಷರದಲ್ಲಿರಲಿ, ಪಂಚಾಯಿತಿಯ ಸೀಲು ಬಿದ್ದಿರಲಿ. ನಂಬರಿಲ್ಲದ ಪತ್ರ ಅಲ್ಲಿ ಯಾರ ಮೇಜಿಗೂ ಹೋಗುವುದಿಲ್ಲ.